ಮನೆ ಮತ್ತು ಮೈದಾನ: ವಾಲಿಬಾಲ್ ಆಡುವವರಿಗೆ, ಆಡಿಸುವವರಿಗೆ, ನೋಡುವವರಿಗೆ



ಎರಡು ತಿಂಗಳ ಹಿಂದೆ ವಿದ್ಯಾರಣ್ಯಪುರದ ನಮ್ಮ ಬಡಾವಣೆಯ ಮನೆಯೊಂದರಲ್ಲಿ ಶಿವಾನುಭವ ಗೋಷ್ಠಿ ನಡೆಯಿತು. ಪ್ರಾರ್ಥನೆ, ವಚನಗಾಯನ, ಉಪನ್ಯಾಸಗಳೆಲ್ಲ ಮುಗಿದು ಪ್ರಸಾದಕ್ಕೆ ಕುಳಿತಾಗ ಪರಿಚಯದ ತಾಯಿಯೊಬ್ಬರು ತಮ್ಮ ಮಗನನ್ನು ಕರೆತಂದು ನನ್ನ ಪಕ್ಕದಲ್ಲಿ ಕುಳ್ಳಿರಿಸಿದರು. ಹುಡುಗನಿಗೆ ಹದಿನಾರು ವರ್ಷ. ಪ್ರಥಮ ಪಿ.ಯು.ಸಿ.ಯಲ್ಲಿ ಓದುತ್ತಿದ್ದಾನೆ. ಪಂಕ್ತಿಯಲ್ಲಿ ಎಲ್ಲರೂ ಕಾಲು ಮಡಿಸಿ ಕುಳಿತಿದ್ದರೆ ಅವನೊಬ್ಬನೇ ಬಲಗಾಲನ್ನು ಮುಂದಕ್ಕೆ ಚಾಚಿಕೊಂಡಿದ್ದ.

"ಮೇಷ್ಟ್ರೇ, ಇವನಿಗೆ ವಾಲಿಬಾಲ್ ಎಂದರೆ ಊಟ ನಿದ್ರೆ ಬೇಡ. ಎಷ್ಟೋ ದಿನಗಳಿಂದ ಮಂಡಿನೋವು ಎಂದು ರಾತ್ರಿ ನರಳುತ್ತಾನೆ. ಮುಂದಿನ ತಿಂಗಳು ಆಯ್ಕೆ ಇದೆಯಂತೆ. ಅದು ಮುಗಿಯುವವರೆಗೆ ಆಟ ಕಲಿಸುವವರಿಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾನೆ. ಇವನ ತಂದೆಗೆ ತಿಳಿದರೆ ಆಟವನ್ನೇ ಬಿಡಿಸಿಬಿಡುತ್ತಾರೆ. ನಾನು ಏನು ಮಾಡಲಿ?" ಎಂದು ಆ ತಾಯಿ ಕೇಳಿದರು.

ಪ್ರಶ್ನೆ ಆ ಒಂದು ಮನೆಯದಲ್ಲ. ಆಡುವ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇದು ಬೇರೆ ಬೇರೆ ರೂಪದಲ್ಲಿ ಇದ್ದೇ ಇದೆ. ಆದ್ದರಿಂದ ಅಂದು ಆ ತಾಯಿ ಮಗನಿಗೆ ಹೇಳಿದ ಮಾತುಗಳನ್ನೂ, ಅಂದು ಹೇಳಲಾಗದೆ ಉಳಿದವನ್ನೂ ಈ ತಿಂಗಳ ಅಂಕಣದಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಮೊದಲು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಾನು ದೈಹಿಕ ಶಿಕ್ಷಣದ ಶಿಕ್ಷಕನಾಗಿದ್ದ ಆರಂಭದ ವರ್ಷಗಳಲ್ಲಿ ನಮ್ಮ ಶಾಲೆಯ ತಂಡದಲ್ಲಿ ಎತ್ತರದ ಹುಡುಗನೊಬ್ಬನಿದ್ದ. ಅವನ ಹೊಡೆತಕ್ಕೆ ಎದುರಾಳಿಗಳು ಹೆದರುತ್ತಿದ್ದರು. ಮಂಡಿ ನೋಯುತ್ತದೆಂದು ಅವನು ಒಂದೆರಡು ಬಾರಿ ಹೇಳಿದಾಗ, "ನೋವಿಲ್ಲದೆ ಆಟ ಬರುತ್ತದೆಯೇನೋ?" ಎಂದು ಗದರಿಸಿ ಮತ್ತೆ ಐವತ್ತು ಬಾರಿ ನೆಗೆಸಿದೆ. ಮೂರನೆಯ ಬಾರಿ ಅವನು ಹೇಳಲೇ ಇಲ್ಲ. ಆ ವರ್ಷ ನಮ್ಮ ಶಾಲೆಗೆ ಕಪ್ಪು ಬಂದಿತು. ಮುಂದಿನ ವರ್ಷ ಆ ಹುಡುಗ ಮೈದಾನಕ್ಕೆ ಬರಲಿಲ್ಲ. ಮೆಟ್ಟಿಲು ಹತ್ತುವುದೇ ಅವನಿಗೆ ಕಷ್ಟವಾಗಿತ್ತು. ಆ ಕಪ್ಪು ಈಗ ಯಾವ ಬೀರುವಿನಲ್ಲಿದೆಯೋ ತಿಳಿಯದು. ಆ ಹುಡುಗನ ಮುಖ ಮಾತ್ರ ನನಗೆ ಮರೆತಿಲ್ಲ.

ಹಂಚಿ ಆಡುವ ಆಟ

ವಾಲಿಬಾಲ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಹೋಲಿಯೋಕ್ ಎಂಬ ಊರಿನಲ್ಲಿ. ಅಲ್ಲಿನ ವೈ.ಎಂ.ಸಿ.ಎ.ಯಲ್ಲಿ ದೈಹಿಕ ಶಿಕ್ಷಣದ ನಿರ್ದೇಶಕರಾಗಿದ್ದ ವಿಲಿಯಂ ಮಾರ್ಗನ್ ಎಂಬುವರು, ಬ್ಯಾಸ್ಕೆಟ್‌ಬಾಲ್‌ನ ಓಟ, ತಳ್ಳಾಟಗಳನ್ನು ತಾಳಲಾರದ ನಡುವಯಸ್ಸಿನವರಿಗಾಗಿ ಇದನ್ನು ಕಲ್ಪಿಸಿದರು. ಅದೇ ಸಂಸ್ಥೆಯ ಮೂಲಕ ಆಟ ಭಾರತಕ್ಕೂ ಬಂದಿತು. ಎರಡು ಕಂಬ, ಒಂದು ಬಲೆ, ಒಂದು ಚೆಂಡು ಇದ್ದರೆ ಸಾಕಾದ್ದರಿಂದ ಹಳ್ಳಿಹಳ್ಳಿಗೂ ಹಬ್ಬಿತು. ಜಾತ್ರೆ, ಗಣೇಶೋತ್ಸವಗಳ ಸಮಯದಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನಡೆಯದ ಹೋಬಳಿ ನಮ್ಮ ನಾಡಿನಲ್ಲಿ ವಿರಳ.

ಈ ಆಟದ ನಿಯಮಗಳಲ್ಲಿಯೇ ಒಂದು ಧರ್ಮವಿದೆ. ಇಲ್ಲಿ ಚೆಂಡನ್ನು ಯಾರೂ ಹಿಡಿದಿಟ್ಟುಕೊಳ್ಳುವಂತಿಲ್ಲ. ಬಂದದ್ದನ್ನು ಆ ಕ್ಷಣವೇ ಮತ್ತೊಬ್ಬರಿಗೆ ಕೊಡಬೇಕು. ಒಬ್ಬನೇ ಸತತವಾಗಿ ಎರಡು ಬಾರಿ ಮುಟ್ಟುವಂತಿಲ್ಲ. ಮೂರು ಸ್ಪರ್ಶಗಳೊಳಗೆ ಚೆಂಡು ಬಲೆಯ ಆಚೆಗೆ ಹೋಗಬೇಕು. ಸರ್ವೀಸು ಮರಳಿ ಗಳಿಸಿದಾಗಲೆಲ್ಲ ಆರು ಜನರೂ ಒಂದೊಂದು ಸ್ಥಾನ ಸರಿಯಬೇಕಾದ್ದರಿಂದ ಮುಂದಿನ ಸಾಲು ಯಾರ ಸ್ವತ್ತೂ ಅಲ್ಲ, ಹಿಂದಿನ ಸಾಲು ಯಾರಿಗೂ ಶಿಕ್ಷೆಯಲ್ಲ. ದಾಸೋಹದ ಮನೆಯಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಡುವವರಿಗೆ

ಮಕ್ಕಳೇ, ನೀವು ಎಷ್ಟು ಎತ್ತರ ನೆಗೆಯುತ್ತೀರಿ ಎಂಬುದನ್ನು ಎಲ್ಲರೂ ನೋಡುತ್ತಾರೆ. ಹೇಗೆ ಇಳಿಯುತ್ತೀರಿ ಎಂಬುದನ್ನು ಯಾರೂ ನೋಡುವುದಿಲ್ಲ. ಆದರೆ ಮಂಡಿಯ ಆಯುಷ್ಯ ನಿರ್ಧಾರವಾಗುವುದು ಇಳಿಯುವಾಗ. ಒಂಟಿ ಕಾಲಿನ ಮೇಲೆ, ಕಾಲನ್ನು ನೆಟ್ಟಗೆ ಸೆಟೆಸಿಕೊಂಡು ಇಳಿಯಬಾರದು. ಎರಡೂ ಪಾದಗಳ ಮುಂಭಾಗ ಮೊದಲು ನೆಲಕ್ಕೆ ತಗಲಿ, ಮಂಡಿ ಮತ್ತು ಸೊಂಟ ಮೆಲ್ಲನೆ ಬಾಗಿ, ಮಂಡಿಗಳು ಒಳಕ್ಕೆ ವಾಲದೆ ಪಾದದ ನೇರಕ್ಕೆ ಇರುವಂತೆ ಇಳಿಯುವುದನ್ನು ಚೆಂಡಿಲ್ಲದೆಯೇ ಅಭ್ಯಾಸ ಮಾಡಿರಿ. ಸದ್ದಿಲ್ಲದೆ ಇಳಿಯುವವನೇ ಸರಿಯಾಗಿ ಇಳಿಯುವವನು ಎಂದು ನೆನಪಿಟ್ಟುಕೊಂಡರೆ ಸಾಕು.

ಮಂಡಿಚಿಪ್ಪಿನ ಕೆಳಗೆ, ಅದನ್ನು ಮೊಣಕಾಲ ಮೂಳೆಗೆ ಕಟ್ಟಿದ ಸ್ನಾಯುರಜ್ಜುವಿನಲ್ಲಿ ಬರುವ ನೋವು ನೆಗೆಯುವ ಆಟಗಾರರಿಗೆ ಸಾಮಾನ್ಯ. ಇದು ಮೋಸದ ನೋವು. ಆಟದ ಆರಂಭದಲ್ಲಿ ಇದ್ದು, ಮೈ ಬಿಸಿಯಾದಂತೆ ಮಾಯವಾಗಿ, ಆಟ ಮುಗಿದ ಮೇಲೆ ಅಥವಾ ಮರುದಿನ ಬೆಳಗ್ಗೆ ಮರಳಿ ಬರುತ್ತದೆ. "ಆಡುವಾಗ ನೋಯುವುದಿಲ್ಲವಲ್ಲ" ಎಂದು ಆಟಗಾರ ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವುದು ಇದರಿಂದಲೇ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಇನ್ನೂ ಸ್ವಲ್ಪ ಕೆಳಗೆ, ಮೂಳೆಯ ಉಬ್ಬಿನಲ್ಲಿಯೇ ನೋವು ಕಾಣಿಸಿಕೊಳ್ಳುವುದುಂಟು. ಎರಡೂ ಆರಂಭದಲ್ಲಿಯೇ ಹೇಳಿಕೊಂಡರೆ ಹತೋಟಿಗೆ ಬರುತ್ತವೆ. ಆಟವನ್ನೇ ಬಿಡಬೇಕೆಂದಿಲ್ಲ. ನೆಗೆಯುವುದನ್ನು ಕಡಿಮೆ ಮಾಡಿ, ವೈದ್ಯರೂ ಫಿಸಿಯೋಥೆರಪಿ ಬಲ್ಲವರೂ ಹೇಳಿದಂತೆ ತೊಡೆಯ ಸ್ನಾಯುಗಳಿಗೆ ಕ್ರಮವಾಗಿ ಬಲ ತುಂಬಿಕೊಳ್ಳಬೇಕು. ಮುಚ್ಚಿಟ್ಟರೆ ವಾರಗಳ ಮಾತು ವರ್ಷಗಳಿಗೆ ಹೋಗುತ್ತದೆ.

ಎರಡನೆಯದು ಕಾಲು ಉಳುಕುವುದು. ಬಲೆಯ ಬಳಿ ನೆಗೆದು ಇಳಿಯುವಾಗ ಎದುರಾಳಿಯ ಅಥವಾ ನಮ್ಮವನದೇ ಪಾದದ ಮೇಲೆ ಕಾಲಿಟ್ಟು ಪಾದದ ಕೀಲು ಹೊರಳುವುದೇ ಹೆಚ್ಚು. ನಡುಗೆರೆಯನ್ನು ಪಾದ ಪೂರ್ತಿ ದಾಟಿದರೆ ತಪ್ಪು ಎಂಬ ನಿಯಮದಿಂದ ಇಬ್ಬರ ಕಾಲೂ ಉಳಿಯುತ್ತದೆ. ಆದ್ದರಿಂದ ಹೊಡೆಯಲು ಓಡಿಬರುವಾಗ ಮೇಲಕ್ಕೆ ನೆಗೆಯಬೇಕೇ ಹೊರತು ಮುಂದಕ್ಕೆ ಹಾರಬಾರದು. ಕಾಲು ಉಳುಕಿದೊಡನೆ ನಮ್ಮ ಮನೆಗಳಲ್ಲಿ ಎಣ್ಣೆ ಕಾಯಿಸಿ ಬಲವಾಗಿ ತಿಕ್ಕುವ ರೂಢಿಯಿದೆ. ಮೊದಲ ಎರಡು ದಿನ ಇದು ಕೂಡದು, ಊತ ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಟ್ಟು, ಹದವಾಗಿ ಪಟ್ಟಿ ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಮಲಗಿಸಿರಿ. ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬ್ಲಾಕ್ ಮಾಡುವವರು ಬೆರಳಿನ ಉಂಗುರವನ್ನು ಮನೆಯಲ್ಲಿಯೇ ತೆಗೆದಿಟ್ಟು ಬರುವುದು ಲೇಸು.

ಆಹಾರದ ಬಗೆಗೆ ತಾಯಂದಿರು ಕೇಳುವುದುಂಟು: "ಸಸ್ಯಾಹಾರದಲ್ಲಿ ಶಕ್ತಿ ಸಾಲುತ್ತದೆಯೇ?" ಧಾರಾಳವಾಗಿ ಸಾಲುತ್ತದೆ. ರಾಗಿಮುದ್ದೆ, ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ, ಹಾಲು ಮೊಸರು ಇವುಗಳಲ್ಲಿ ಬೇಕಾದದ್ದೆಲ್ಲ ಇದೆ. ದಿನವೂ, ಸಾಕಷ್ಟು ತಿನ್ನಬೇಕು, ಅಷ್ಟೇ. ಪಂದ್ಯಕ್ಕೆ ಎರಡು ಮೂರು ಗಂಟೆ ಮೊದಲು ಊಟ ಮುಗಿಯಲಿ. ಆಟದ ನಡುವೆ ನೀರನ್ನೋ, ಉಪ್ಪು ಬೆರೆಸಿದ ನಿಂಬೆ ಪಾನಕವನ್ನೋ ಗುಟುಕು ಗುಟುಕಾಗಿ ಕುಡಿಯಲಿ.

ಇಷ್ಟಲಿಂಗಧಾರಿ ಆಟಗಾರರು

ನಮ್ಮ ಮನೆಗಳ ಮಕ್ಕಳಿಗೆ ಮಾತ್ರ ಬರುವ ಪ್ರಶ್ನೆಯೊಂದಿದೆ. ತನಗಾಗಲಿ ಇತರರಿಗಾಗಲಿ ಗಾಯ ಮಾಡಬಹುದಾದ ವಸ್ತುಗಳನ್ನು ಧರಿಸಿ ಆಡಬಾರದೆಂದು ವಾಲಿಬಾಲಿನ ನಿಯಮ ಹೇಳುತ್ತದೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ ಇರುವ ಹುಡುಗ ಚೆಂಡನ್ನು ಎತ್ತಲು ಎದೆಯ ಮೇಲೆ ಬಿದ್ದು ಜಾರಿದರೆ ಅದರ ಅಂಚು ಎದೆಮೂಳೆಗೆ ಒತ್ತುವುದು ನಿಜ. ಶಿವದಾರ ಹೊರಗೆ ತೂಗಾಡುತ್ತಿದ್ದರೆ ಇನ್ನೊಬ್ಬರ ಬೆರಳು ಸಿಕ್ಕಿಕೊಳ್ಳುವುದೂ ಉಂಟು. ಆದರೆ ಇಷ್ಟಲಿಂಗವನ್ನು ಅಂಗದಿಂದ ಅಗಲಿಸಿ ಕ್ರೀಡಾಚೀಲದಲ್ಲಿ ಎಸೆದು ಆಡಲು ನಮ್ಮ ಮಕ್ಕಳ ಮನಸ್ಸು ಒಪ್ಪುವುದಿಲ್ಲ. ಒಪ್ಪಬೇಕೆಂದು ನಾನು ಹೇಳಲಾರೆ.

ಅನೇಕರು ಅನುಸರಿಸುವ ದಾರಿಯೊಂದಿದೆ. ಆಟದ ಹೊತ್ತಿಗೆ ಗಟ್ಟಿ ಕರಡಿಗೆಯ ಬದಲು ಮೆತ್ತನೆಯ ಶುಭ್ರ ವಸ್ತ್ರದಲ್ಲಿ ಲಿಂಗವನ್ನು ಕಟ್ಟಿ, ಶಿವದಾರವನ್ನು ಗಿಡ್ಡ ಮಾಡಿ, ಮೈಗೆ ಬಿಗಿಯಾದ ಬನಿಯನ್ನಿನ ಒಳಗೆ ಅಲುಗದಂತೆ ಇರಿಸಿಕೊಳ್ಳುವುದು. ಆಟಕ್ಕೆ ಮೊದಲೇ ತೀರ್ಪುಗಾರರ ಬಳಿಗೆ ಹೋಗಿ ವಿನಯದಿಂದ ತಿಳಿಸಿರಿ. ಅವರು ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ಅಲ್ಲಿ ವಾದ ಬೇಡ. ಅಂಥ ಸಂದರ್ಭದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ನಿಮ್ಮ ಮನೆಯ ಗುರುಗಳಲ್ಲಿ ಮೊದಲೇ ಕೇಳಿಕೊಂಡಿರಿ. ಇದು ಅಂಕಣಕಾರನು ತೀರ್ಮಾನಿಸುವ ವಿಷಯವಲ್ಲ.

ಆಡಿಸುವವರಿಗೆ

ತರಬೇತುದಾರ ಮಿತ್ರರೇ, ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ತಮಗೆಲ್ಲ ತಿಳಿದದ್ದೇ. ಪತಿ ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬನ್ನಿರೆಂದು ಆ ತಾಯಿ ಮರಳಿ ಕಳಿಸಿದರು. ಕಾಯಕದಲ್ಲಿಯೂ ಅತಿಯಾಸೆ ಸಲ್ಲದೆಂಬುದು ಅವರ ನಿಲುವು. ಹುಡುಗರ ಮೈಯಿಂದ ನಾವು ಆಯ್ದುಕೊಳ್ಳುವ ನೆಗೆತಗಳಿಗೂ ಈ ಮಾತು ಅನ್ವಯಿಸುತ್ತದೆ. ದಣಿದ ಕಾಲಿನಿಂದ ನೆಗೆಸಿದ ಐವತ್ತು ನೆಗೆತ ಆಟವನ್ನು ಬೆಳೆಸುವುದಿಲ್ಲ, ಮಂಡಿಯನ್ನು ಸವೆಸುತ್ತದೆ. ಹೊಡೆತದ ಅಭ್ಯಾಸ ಹೆಚ್ಚಾದ ಮರುದಿನ ಪಾಸು, ಸರ್ವೀಸು, ಸೆಟ್ಟಿಂಗ್ ಮಾಡಿಸಿರಿ. ಇವು ಕಾಲನ್ನು ನೆಲದಲ್ಲಿಟ್ಟೇ ಕಲಿಯಬಹುದಾದ ವಿದ್ಯೆಗಳು. ಸಾಧ್ಯವಾದರೆ ಸಿಮೆಂಟಿನ ನೆಲಕ್ಕಿಂತ ಕಲ್ಲು ಆಯ್ದು ನೀರು ಚಿಮುಕಿಸಿದ ಮಣ್ಣಿನ ಅಂಕಣವೇ ಇರಲಿ.

1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಮೊದಲ ಬಾರಿಗೆ ಸೇರಿತು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ದೊರೆತ ಮೊದಲ ತಂಡ ಕ್ರೀಡೆಯೂ ಅದೇ. ಚಿನ್ನ ಗೆದ್ದದ್ದು ಜಪಾನಿನ ಮಹಿಳೆಯರು. ಅವರಲ್ಲಿ ಬಹುಮಂದಿ ಒಂದೇ ನೂಲಿನ ಗಿರಣಿಯ ಕೆಲಸಗಾರರು. ಹಗಲು ಗಿರಣಿಯ ಕಾಯಕ ಮಾಡಿ, ಬಳಿಕ ನಡುರಾತ್ರಿಯವರೆಗೂ ಅಭ್ಯಾಸ ಮಾಡುತ್ತಿದ್ದರು. ಬಿದ್ದು ಉರುಳಿ ಚೆಂಡನ್ನು ಎತ್ತುವ ವಿದ್ಯೆಯನ್ನು ಅವರ ತರಬೇತುದಾರ ದೈಮತ್ಸು ರೂಢಿಗೆ ತಂದರು. ಅವರ ಶ್ರಮವನ್ನು ಜಗತ್ತು ಮೆಚ್ಚಿತು. ಆ ತರಬೇತುದಾರರ ಕಾಠಿಣ್ಯವನ್ನು ಅಂದೇ ಹಲವರು ಟೀಕಿಸಿದರು. ಆ ಶ್ರದ್ಧೆಯನ್ನು ನಾವು ಕಲಿಯೋಣ. ಕಾಠಿಣ್ಯವನ್ನು ಬೆಳೆಯುವ ಮಕ್ಕಳ ಮೇಲೆ ಪ್ರಯೋಗಿಸದಿರೋಣ.

ಎತ್ತರವಿಲ್ಲದ ಮಕ್ಕಳನ್ನು ಹಿಂದಕ್ಕೆ ಕಳುಹಿಸಬೇಡಿರಿ. 1998ರಿಂದ ಆಟಕ್ಕೆ ಸೇರಿದ ಲಿಬೆರೊ ಎಂಬ ಸ್ಥಾನ ಚೆಂಡನ್ನು ರಕ್ಷಿಸುವವರಿಗಾಗಿಯೇ ಇದೆ. ಬೇರೆ ಬಣ್ಣದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ಆಡುವ ಈ ಆಟಗಾರನಿಗೆ ಚುರುಕು ಕಣ್ಣು, ಚುರುಕು ಕಾಲು ಇದ್ದರೆ ಸಾಕು. ಹಿಂದೆ ನಾವು ಬೂಸ್ಟರ್ ಎನ್ನುತ್ತಿದ್ದ ಸೆಟ್ಟರನಿಗೂ ಎತ್ತರಕ್ಕಿಂತ ಬುದ್ಧಿ ಮುಖ್ಯ. ಎಲ್ಲಕ್ಕಿಂತ ಮಿಗಿಲಾಗಿ, "ನೋಯುತ್ತಿದೆ" ಎಂದು ಹೇಳಿದ ಹುಡುಗನನ್ನು ತಂಡದ ಮುಂದೆ ಹೀಯಾಳಿಸಬೇಡಿರಿ. ಒಬ್ಬನನ್ನು ಹೀಯಾಳಿಸಿದರೆ ಉಳಿದ ಹನ್ನೊಂದು ಜನ ಸುಳ್ಳು ಹೇಳಲು ಕಲಿಯುತ್ತಾರೆ.

ಹೆತ್ತವರಿಗೆ

ಹೆಣ್ಣುಮಕ್ಕಳು ಎಂಟನೆಯ, ಒಂಬತ್ತನೆಯ ತರಗತಿಗೆ ಬಂದೊಡನೆ ಆಟ ಬಿಡಿಸುವ ರೂಢಿ ಇನ್ನೂ ನಮ್ಮ ಮನೆಗಳಿಂದ ತೊಲಗಿಲ್ಲ. ಅನುಭವ ಮಂಟಪದಲ್ಲಿ ಗಂಡಸರ ಸರಿಸಮನಾಗಿ ಕುಳಿತು ಮಾತನಾಡಿದ ಶರಣೆಯರ ಪರಂಪರೆ ನಮ್ಮದು. ಅವರ ಹೆಸರನ್ನು ಮಗಳಿಗೆ ಇಟ್ಟು, ಅವಳ ಆಟದ ಬೂಟನ್ನು ಅಟ್ಟಕ್ಕೆ ಹಾಕುವುದು ಸರಿಯೇ? ಸಂಜೆ ತಡವಾಗುತ್ತದೆಂಬ ಅಂಜಿಕೆ ಸಹಜ. ನಾಲ್ಕು ಮನೆಯವರು ಸೇರಿ ಸರದಿಯಂತೆ ಮೈದಾನಕ್ಕೆ ಹೋಗಿ ಮಕ್ಕಳನ್ನು ಕರೆತಂದರೆ ಆ ಅಂಜಿಕೆಗೆ ಪರಿಹಾರವುಂಟು.

ಸ್ಥಳದ ಮಾತನ್ನೂ ಹೇಳಬೇಕು. ವಾಲಿಬಾಲ್ ಅಂಕಣ 18 ಮೀಟರು ಉದ್ದ, 9 ಮೀಟರು ಅಗಲ. ಎಂದರೆ ಸುಮಾರು ಅರವತ್ತು ಅಡಿಗೆ ಮೂವತ್ತು ಅಡಿ. ನಮ್ಮ ಬಡಾವಣೆಗಳ 40‍×60 ನಿವೇಶನದಲ್ಲಿ ಗೆರೆಗಳೇನೋ ಹಿಡಿಸುತ್ತವೆ. ಆದರೆ ಸುತ್ತಲೂ ಕನಿಷ್ಠ 3 ಮೀಟರು ತೆರವು ಇರಬೇಕೆಂಬುದು ನಿಯಮ. ಒಂದೇ ನಿವೇಶನದಲ್ಲಿ ಆಡಿದರೆ ಸರ್ವೀಸು ಮಾಡುವ ಹುಡುಗ ರಸ್ತೆಯಲ್ಲಿ ನಿಲ್ಲಬೇಕಾಗುತ್ತದೆ, ಚೆಂಡಿನ ಹಿಂದೆ ಓಡುವವನು ವಾಹನದ ಮುಂದಕ್ಕೆ ಓಡುತ್ತಾನೆ. ಅಕ್ಕಪಕ್ಕದ ಎರಡು 40×60 ನಿವೇಶನಗಳು ಸೇರಿದರೆ, ಎಂಬತ್ತು ಅಡಿಯ ಉದ್ದಕ್ಕೆ ಗೆರೆ ಹಾಕಿ, ಬೇಕಾದ ತೆರವೂ ಸರಿಯಾಗಿ ದೊರೆಯುತ್ತದೆ. ಖಾಲಿ ನಿವೇಶನಗಳು ಒಂದೊಂದಾಗಿ ಮನೆಗಳಾಗುತ್ತಿರುವ ಈ ಕಾಲದಲ್ಲಿ ಬಡಾವಣೆಯ ಹಿರಿಯರು, ಉದ್ಯಾನಕ್ಕೂ ಸಮುದಾಯ ಭವನಕ್ಕೂ ಒತ್ತಾಯಿಸುವಂತೆ, ಇಷ್ಟು ಜಾಗ ಮಕ್ಕಳ ಆಟಕ್ಕೂ ಉಳಿಯಲಿ ಎಂದು ಒತ್ತಾಯಿಸಬೇಕು.

ನೋಡುವವರಿಗೆ

ನಮ್ಮ ತಲೆಮಾರಿನವರಿಗೆ ಹದಿನೈದು ಅಂಕಗಳ ಆಟ ಅಭ್ಯಾಸ. ಆಗ ಸರ್ವೀಸು ಮಾಡಿದ ತಂಡಕ್ಕೆ ಮಾತ್ರ ಅಂಕ ಬರುತ್ತಿತ್ತು. ಈಗ ಪ್ರತಿ ಚೆಂಡಿಗೂ ಅಂಕವುಂಟು. ಮೊದಲ ನಾಲ್ಕು ಸೆಟ್‌ಗಳು 25 ಅಂಕಕ್ಕೆ, ಐದನೆಯದು 15ಕ್ಕೆ, ಎರಡಂಕದ ಅಂತರದಿಂದ ಗೆಲ್ಲಬೇಕು. ಇದನ್ನು ತಿಳಿಯದೆ ತೀರ್ಪುಗಾರರ ಮೇಲೆ ಕೂಗಾಡುವ ಹಿರಿಯರನ್ನು ನಾನು ಕಂಡಿದ್ದೇನೆ. ತಂದೆ ಹೊರಗಿನಿಂದ ಕೂಗಿದಷ್ಟೂ ಮಗನ ಕೈ ನಡುಗುತ್ತದೆ. ಚಪ್ಪಾಳೆ ತಟ್ಟಿರಿ, ಒಳ್ಳೆಯ ಆಟ ಬಲೆಯ ಆಚೆಯಿಂದ ಬಂದರೂ ತಟ್ಟಿರಿ. ಎದುರು ತಂಡದ ಮಗುವೂ ಯಾರದೋ ಮನೆಯ ಮಗು.

ಚೆಂಡು ತನ್ನ ಬೆರಳಿಗೆ ತಗುಲಿ ಹೊರಗೆ ಹೋಯಿತೆಂದು ಆಟಗಾರ ತಾನಾಗಿಯೇ ಒಪ್ಪಿಕೊಂಡರೆ ಹಸಿರು ಕಾರ್ಡು ತೋರಿಸಿ ಗೌರವಿಸುವ ಪದ್ಧತಿ ಇತ್ತೀಚಿನ ವರ್ಷಗಳಲ್ಲಿ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬಂದಿದೆ. ತೀರ್ಪುಗಾರರ ಕಣ್ಣಿಗೆ ಬೀಳದ ಸತ್ಯವನ್ನು ನುಡಿಯುವ ಹುಡುಗನನ್ನು ನಮ್ಮ ಬಡಾವಣೆಯ ಪಂದ್ಯದಲ್ಲಿಯೂ ಎಲ್ಲರೂ ಎದ್ದು ನಿಂತು ಗೌರವಿಸಬಾರದೇಕೆ?

ಉತ್ತಮ ಆಟವನ್ನು ನೋಡಲು ಈಗ ದೂರ ಹೋಗಬೇಕಾಗಿಯೂ ಇಲ್ಲ. 2023ರ ಡಿಸೆಂಬರಿನಲ್ಲಿ ಪುರುಷರ ವಿಶ್ವ ಕ್ಲಬ್ ಚಾಂಪಿಯನ್‌ಷಿಪ್ ಬೆಂಗಳೂರಿನ ಕೋರಮಂಗಲದಲ್ಲಿಯೇ ನಡೆದು ಇಟಲಿಯ ಪೆರೂಜಾ ತಂಡ ಗೆದ್ದಿತು. 2022ರಲ್ಲಿ ಆರಂಭವಾದ ಪ್ರೈಮ್ ವಾಲಿಬಾಲ್ ಲೀಗಿನ ಮೊದಲ ವರ್ಷ ಕೋಲ್ಕತ್ತ ತಂಡ ಪ್ರಶಸ್ತಿ ಗೆದ್ದಾಗ ಅದರ ನಾಯಕ ನಮ್ಮ ಕರ್ನಾಟಕದ ಅಶ್ವಲ್ ರೈ. 2025ರಲ್ಲಿ ಬೆಂಗಳೂರು ಟಾರ್ಪಿಡೋಸ್ ತಂಡವೇ ಪ್ರಶಸ್ತಿ ಗಳಿಸಿತು. ಭಾರತ ತಂಡ 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ದಿನಗಳನ್ನೂ, ಆ ತಂಡದ ಜಿಮ್ಮಿ ಜಾರ್ಜ್ ಅವರನ್ನೂ ನೆನೆಯುವ ಹಿರಿಯರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಂಥ ಪಂದ್ಯಗಳನ್ನು ತೋರಿಸಲಿ.

ಆ ಹುಡುಗ

ಅಂದು ಪಂಕ್ತಿಯಲ್ಲಿ ಕುಳಿತ ಹುಡುಗನಿಗೆ ನಾನು ನನ್ನ ಹಳೆಯ ಶಿಷ್ಯನ ಕಥೆಯನ್ನಷ್ಟೇ ಹೇಳಿದೆ. "ಮುಚ್ಚಿಟ್ಟು ಆಡಿದರೆ ಈ ಸಲದ ಆಯ್ಕೆ ನಿನ್ನದಾಗಬಹುದು. ಹೇಳಿ ನಿಂತರೆ ಮುಂದಿನ ವರ್ಷಗಳು ನಿನ್ನವಾಗಬಹುದು. ಯಾವುದಕ್ಕೂ ನಾನು ಮಾತು ಕೊಡಲಾರೆ. ಆದರೆ ತಾಯಿಯ ಮೇಲೆ ಹೊರಿಸಿದ ಆ ಆಣೆಯನ್ನು ಇಂದೇ ಇಳಿಸು" ಎಂದೆ. ಅವನು ತಲೆ ತಗ್ಗಿಸಿ ಪ್ರಸಾದ ಮುಗಿಸಿದ. ಏನನ್ನೂ ಹೇಳಲಿಲ್ಲ.

ಮೂರು ದಿನಗಳ ನಂತರ ಅವನೇ ತರಬೇತುದಾರರ ಬಳಿಗೆ ಹೋಗಿ ಹೇಳಿದನಂತೆ. ಅವರು ಬೈಯಲಿಲ್ಲ. ವೈದ್ಯರಿಗೆ ತೋರಿಸಿಕೊಂಡು ಬಾ ಎಂದರು. ವೈದ್ಯರು ಕೆಲವು ತಿಂಗಳು ನೆಗೆಯಬಾರದೆಂದರು. ಆಯ್ಕೆ ಅವನಿಲ್ಲದೆಯೇ ನಡೆದು ಹೋಯಿತು. ಆ ದಿನ ಮನೆಯಲ್ಲಿ ಊಟ ಬಿಟ್ಟನೆಂದು ತಾಯಿ ಕಣ್ಣೀರು ತಂದುಕೊಂಡರು. ವಿಷಯ ತಿಳಿದ ತಂದೆ ಆಟ ಬಿಡಿಸಲಿಲ್ಲ, "ನನಗೆ ಮೊದಲೇ ಹೇಳಬಾರದಿತ್ತೇ?" ಎಂದು ಮಾತ್ರ ಕೇಳಿದರಂತೆ. ಮಗನಿಗೆ ಹಾಗೆ ಹೇಳುವ ಧೈರ್ಯ ಏಕೆ ಬರಲಿಲ್ಲವೆಂಬುದನ್ನು ಆ ತಂದೆಯೂ, ನಾವೆಲ್ಲ ತಂದೆಯರೂ ನಮ್ಮ ನಮ್ಮ ಪೂಜೆಯ ಹೊತ್ತಿನಲ್ಲಿ ಕೇಳಿಕೊಳ್ಳಬೇಕು.

ಕಳೆದ ಭಾನುವಾರ ಸಂಜೆ ಮೈದಾನದ ಕಡೆ ಹೋಗಿದ್ದೆ. ಹುಡುಗ ಗೋಡೆಯ ಎದುರು ಕಾಲನ್ನು ನೆಲದಲ್ಲಿಯೇ ಊರಿ ಸೆಟ್ಟಿಂಗ್ ಅಭ್ಯಾಸ ಮಾಡುತ್ತಿದ್ದ. ಚೆಂಡು ಬೆರಳ ತುದಿಯಿಂದ ಹೋಗಿ ಅದೇ ಜಾಗಕ್ಕೆ ಬಡಿದು ಮರಳುತ್ತಿತ್ತು. ತಂದೆ ಕಲ್ಲುಬೆಂಚಿನ ಮೇಲೆ ಕುಳಿತು ಎಣಿಸುತ್ತಿದ್ದರು. ಮುಂದಿನ ವರ್ಷ ಅವನು ಆಯ್ಕೆಯಾಗುತ್ತಾನೋ ಇಲ್ಲವೋ ನಾನು ಅರಿಯೆ. ನನ್ನನ್ನು ಕಂಡು, "ಶರಣು, ಮೇಷ್ಟ್ರೇ" ಎಂದು ಕೈಮುಗಿದು, ಮೆಲ್ಲಗೆ ಬಲಗಾಲನ್ನು ಮಡಿಸಿ ತೋರಿಸಿದ.